ಜಡೆಮ್ಮನ ಗುಂಗುರು ಕೋಳಿ

ಕುರುಗೋಡಿನಿಂದ ಬಳ್ಳಾರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಜಡೆಮ್ಮನ ಪಕ್ಕ ಕೂತವರು ಮೊದಲು ಅವಳ ಬುಟ್ಟಿಯ ಕಡೆ ನೋಡುತ್ತಾರೆ, ಆಮೇಲೆ ಅವಳ ಕಡೆ. ಬುಟ್ಟಿಯ ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟಿರುತ್ತದೆ. ಅದರ ಸಂದಿಯಿಂದ ಒಂದು ಕೋಳಿ ತಲೆ ಹೊರಗೆ ಹಾಕಿರುತ್ತದೆ. ತಲೆ ಎಲ್ಲ ಕೋಳಿಗಳ ತಲೆಯ ಹಾಗೇ. ಕುತ್ತಿಗೆಯಿಂದ ಕೆಳಗೆ ಮಾತ್ರ ಗರಿಗಳೆಲ್ಲ ಮೈಗೆ ಬೆನ್ನು ತಿರುಗಿಸಿ, ತುದಿ ಮೇಲೆತ್ತಿ ಸುತ್ತಿಕೊಂಡಿವೆ. ಬಡಗಿ ಹಲಗೆ ಹೆರೆಯುವಾಗ ಏಳುವ ತೆಳು ಸುರುಳಿಗಳನ್ನು ಯಾರೋ ಒಂದೊಂದಾಗಿ ಆರಿಸಿ ಅಂಟಿಸಿದ ಹಾಗೆ ಕಾಣುತ್ತದೆ.

"ಯವ್ವಾ, ಈ ಕೋಳಿಗೇನು ಜ್ವರ ಬಂದೈತಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

"ಜ್ವರ ಎಲ್ಲಿದು? ಹುಟ್ಟಿದ್ದ ಹಂಗ. ನಿಮ್ಮ ತಲಿಗೂದ್ಲ ಗುಂಗುರು ಅದಾವಲ್ಲ, ನಿಮಗ ಜ್ವರ ಬಂದೈತೇನು?"

ಬಸ್ಸು ನಗುತ್ತದೆ. ಕಂಡಕ್ಟರನಿಗೂ ಇದೊಂದು ಆಟ. "ಜಡೆಮ್ಮಕ್ಕಾ, ಕೋಳಿಗೊಂದು ಟಿಕೇಟ್ ಹರೀಲೇನು?" ಎನ್ನುತ್ತಾನೆ.

"ಪುಕ್ಕ ಕೆಳಗ ಮಾಡಿದ ಕೋಳಿಗೆ ಹರಿಯಪ್ಪಾ. ನಮ್ದು ಮ್ಯಾಲ ಮಾಡೈತಿ," ಎನ್ನುತ್ತಾಳೆ ಜಡೆಮ್ಮ, ಸೆರಗು ಸರಿಮಾಡಿಕೊಳ್ಳುತ್ತ.

ಜಡೆಮ್ಮನಿಗೆ ಈಗ ಐವತ್ತಾರು. ಹುಟ್ಟಿದ್ದು ತೆಕ್ಕಲಕೋಟೆಯಲ್ಲಿ. ಹತ್ತೊಂಬತ್ತಕ್ಕೆ ಮದುವೆಯಾಗಿ ಕುರುಗೋಡಿನ ನಮ್ಮ ಓಣಿಗೆ ಬಂದಳು. ಗಂಡ ಪಕ್ಕೀರಪ್ಪ ಗಾರೆ ಕೆಲಸದವನು, ಗೋಡೆಯಷ್ಟೇ ಮಾತಾಡುವವನು. ಮದುವೆಯಾದ ಮೂರನೆಯ ದಿನ ಅತ್ತೆ ಗಾದೆಮ್ಮ ಹೊಸ ಸೊಸೆಯನ್ನು ಹಿತ್ತಲಿಗೆ ಕರೆದು, ಮಗುಚಿದ್ದ ಬುಟ್ಟಿಯ ಕೆಳಗಿನಿಂದ ಒಂದು ಗುಂಗುರು ಹೇಂಟೆ ತೆಗೆದು ಕೈಗೆ ಕೊಟ್ಟಳಂತೆ. ಅಂಥದ್ದನ್ನು ಎಂದೂ ನೋಡಿರದ ಜಡೆಮ್ಮ ಚೀರಿ ಕೈಬಿಟ್ಟಳು. ಕೋಳಿ ಹಾರಿ ಹೋಗಲಿಲ್ಲ. ಹೋಗಲಾರದು ಕೂಡ, ಆ ಗರಿಗಳಲ್ಲಿ ಗಾಳಿ ನಿಲ್ಲುವುದಿಲ್ಲ. ಅವಳ ಕಾಲ ಬಳಿಯೇ ಬಿದ್ದು, ಎದ್ದು, ಮೈ ಕೊಡವಿ, ಏನೂ ಆಗದವರ ಹಾಗೆ ಮಣ್ಣು ಕೆದರಿತು. "ಅವತ್ತ ನನಗ ಇಷ್ಟ ಆತು ನೋಡು," ಎನ್ನುತ್ತಾಳೆ ಜಡೆಮ್ಮ. "ಬಿದ್ದೀನಿ ಅಂತ ನಾಚಿಕಿನೇ ಇಲ್ಲ ಅದಕ್ಕ."

ಹೇಂಟೆಯ ಜೊತೆ ಅತ್ತೆ ಒಂದು ಕಟ್ಟಳೆಯನ್ನೂ ಕೊಟ್ಟಳು. ಗುಂಗುರು ಹೇಂಟೆಗೆ ಸಾದಾ ಹುಂಜವನ್ನೇ ಬಿಡಬೇಕು. ಗುಂಗುರಿಗೆ ಗುಂಗುರು ಕೂಡಿಸಬಾರದು. ಯಾಕೆ ಎಂದು ಸೊಸೆ ಕೇಳಿದ್ದಕ್ಕೆ, "ನಮ್ಮತ್ತಿ ಹೇಳಿದ್ಲು, ನಾ ನಿನಗ ಹೇಳೀನಿ. ಯಾಕ ಅಂತ ಕೇಳಾಕ ಆಕಿ ಈಗಿಲ್ಲ," ಎಂದಳು. ಜಡೆಮ್ಮ ತಾನೇ ಒಂದು ಕಾರಣ ಕಟ್ಟಿಕೊಂಡಳು. "ನಮ್ಮನ್ನ ನೋಡ್ರಿ. ನಾ ಗುಂಗುರು, ನಮ್ಮನಿಯವರು ಸಾದಾ. ಇಬ್ರೂ ಗುಂಗುರಾಗಿದ್ರ ಈ ಮನಿ ಉಳೀತಿತ್ತಾ?" ಎಂದು ಕೇಳಿದವರಿಗೆಲ್ಲ ಹೇಳುತ್ತಾಳೆ. ಪಕ್ಕೀರಪ್ಪ ಅಲ್ಲೇ ಇದ್ದರೆ "ಹೂಂ" ಎನ್ನುತ್ತಾನೆ.

ಹಾಗೆ ಮಾಡಿದಾಗ ಹತ್ತು ಮರಿಗಳಲ್ಲಿ ಐದೋ ಆರೋ ಗುಂಗುರಾಗುತ್ತವೆ, ಉಳಿದವು ಸಾದಾ. ಮೊಟ್ಟೆ ಒಡೆದು ಬಂದಾಗ ಎಲ್ಲವೂ ಒಂದೇ, ಹಳದಿ ಹತ್ತಿಯ ಉಂಡೆ. ವಾರ ಹತ್ತು ದಿನಕ್ಕೆ ರೆಕ್ಕೆಯ ತುದಿಯಲ್ಲಿ ಮೊದಲ ಗರಿ ಮೂಡುತ್ತದೆ. ಆಗ ಜಡೆಮ್ಮ ಬೆಳಿಗ್ಗೆ ಬಿಸಿಲಿಗೆ ಕೂತು, ಒಂದೊಂದೇ ಮರಿಯನ್ನು ಅಂಗೈಗೆ ತೆಗೆದುಕೊಂಡು, ಪುಟ್ಟ ರೆಕ್ಕೆಯನ್ನು ಬೀಸಣಿಗೆಯ ಹಾಗೆ ಬಿಡಿಸಿ ನೋಡುತ್ತಾಳೆ. ತುದಿ ಹೊರಗೆ ಬಾಗಿದ್ದರೆ ಎಡಕ್ಕೆ, ನೆಟ್ಟಗಿದ್ದರೆ ಬಲಕ್ಕೆ. ಸಾದಾ ಮರಿಗಳ ಮೇಲೆ ಅವಳಿಗೆ ಸಿಟ್ಟೇನಿಲ್ಲ. ಅವುಗಳಲ್ಲೊಂದು ಮುಂದೆ ಹುಂಜವಾಗಿ ಮನೆ ಕಾಯಬೇಕಲ್ಲ. ಗುಂಗುರು ಹುಂಜಗಳು ಮಾತ್ರ ಅವಳ ಹಿತ್ತಲಲ್ಲಿ ಮೊದಲ ಕೂಗು ಕೂಗುವ ಹೊತ್ತಿಗೆ ಯಾರದೋ ಪಾಲಾಗಿರುತ್ತಿದ್ದವು.

ಈ ಕೋಳಿ ಎಲ್ಲಿಂದ ಬಂತು ಎಂಬುದಕ್ಕೆ ನಮ್ಮ ಓಣಿಯಲ್ಲಿ ಒಂದೊಂದು ಮನೆಯಲ್ಲಿ ಒಂದೊಂದು ಕಥೆ. ಚಾಪೆ ಮಾರುವ ಹೆಂಗಸರು ಒಂದು ಸೇರು ಜೋಳಕ್ಕೆ ಕೊಟ್ಟು ಹೋದರು ಎಂದು ಗಾದೆಮ್ಮ ಹೇಳುತ್ತಿದ್ದಳು. ಬಳ್ಳಾರಿ ದಂಡಿನಲ್ಲಿದ್ದ ಯಾವನೋ ಸಿಪಾಯಿ ಬರ್ಮಾದಿಂದ ಚೀಲದಲ್ಲಿ ಹಾಕಿಕೊಂಡು ತಂದ ಎಂದು ಪಕ್ಕೀರಪ್ಪನ ಚಿಕ್ಕಪ್ಪ. ಒಂದು ಮಾತನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಬಂಡೆಗಳೆಲ್ಲ ಕಾದು, ಸಾದಾ ಕೋಳಿಗಳು ಬಾಯಿ ತೆರೆದು ರೆಕ್ಕೆ ಜೋತು ಹಾಕಿ ಕೂತಿರುವಾಗ, ಗುಂಗುರು ಕೋಳಿ ಹಿತ್ತಲ ತುಂಬ ಓಡಾಡಿಕೊಂಡಿರುತ್ತದೆ. ಗರಿಗಳ ನಡುವೆ ಗಾಳಿ ಆಡುತ್ತದಂತೆ.

ಹದಿನೆಂಟು ವರ್ಷದ ಹಿಂದೆ ಕೊಕ್ಕರೆ ರೋಗ ಬಂದು ಎರಡೇ ದಿನದಲ್ಲಿ ಜಡೆಮ್ಮನ ಗೂಡು ಖಾಲಿಯಾಗಿತ್ತು. ಅವಳ ಅದೃಷ್ಟಕ್ಕೆ ತೆಕ್ಕಲಕೋಟೆಯ ತವರಿನಲ್ಲಿ ಒಂದು ಗುಂಗುರು ಹೇಂಟೆ ಪಾಲಿಗಿತ್ತು. ಪಾಲು ಎಂದರೆ ಕೋಳಿ ಕೊಟ್ಟವರದು, ಸಾಕುವ ಕಷ್ಟ ಪಡೆದವರದು, ಮರಿಗಳು ಅರ್ಧರ್ಧ. ಕಾಗದವಿಲ್ಲ, ಸಾಕ್ಷಿಯಿಲ್ಲ, ನಂಬಿಕೆಯಷ್ಟೆ. ಆ ಒಂದು ಹೇಂಟೆಯಿಂದ ತಳಿ ಮತ್ತೆ ಎದ್ದಿತು. ಅಂದಿನಿಂದ ಜಡೆಮ್ಮ ತನ್ನಲ್ಲಿ ಐದಾರನ್ನು ಮಾತ್ರ ಇಟ್ಟುಕೊಂಡು ಉಳಿದವನ್ನೆಲ್ಲ ಪಾಲಿಗೆ ಹಂಚುತ್ತಾಳೆ. ತವರಿನವರು ಮನೆ ಮಾರಿ ಹೋದ ಮೇಲೆ ಅವಳ ಆಸರೆಯೆಲ್ಲ ಸಿರುಗುಪ್ಪದ ಐದು ಮನೆಗಳು. ಆ ಮನೆಗಳನ್ನು ಗೊತ್ತುಮಾಡಿಕೊಟ್ಟವಳು ಬೀಗತಿ ಮೂಕಮ್ಮ, ಮಗಳು ಮೀನಾಳ ಅತ್ತೆ.

ಮೂಕಮ್ಮ ಹೆಸರಿಗೆ ಮಾತ್ರ ಮೂಕಮ್ಮ. ಅವಳ ತವರು ಆದವಾನಿಯ ಕಡೆ. ತೆಲುಗು ಕನ್ನಡ ಎರಡರಲ್ಲೂ ಒಂದೇ ಉಸಿರಿಗೆ ಜಗಳವಾಡಬಲ್ಲವಳು. ಮೀನಾಳ ಮದುವೆಯಾಗಿ ಆರು ವರ್ಷವಾದರೂ ಬೀಗತಿಯರ ನಡುವೆ ಯಾರ ಕೈ ಮೇಲು ಎಂಬುದು ತೀರ್ಮಾನವಾಗಿರಲಿಲ್ಲ. ಒಬ್ಬರು ಹೋಳಿಗೆ ಕಳಿಸಿದರೆ ಇನ್ನೊಬ್ಬರು ಕರ್ಚಿಕಾಯಿ ಕಳಿಸುತ್ತಿದ್ದರು, ಎರಡು ಹೆಚ್ಚಿಗೆ.

ಕಳೆದ ವರ್ಷದ ಕೊನೆಯಲ್ಲಿ ಈ ಬದುಕಿನೊಳಗೆ ಶಶಿಕಾಂತ್ ಬಂದ. ಬಳ್ಳಾರಿಯ ಬಟ್ಟೆ ವ್ಯಾಪಾರದ ಮನೆತನದ ಹುಡುಗ. ಅವರ ಮನೆಯಲ್ಲಿ ಮೊಟ್ಟೆ ಕೂಡ ಒಲೆಯ ಮುಖ ಕಂಡಿಲ್ಲ. ಆದರೆ ಮಹಡಿಯ ಮೇಲೆ ಹನ್ನೆರಡು ಥರದ ಕೋಳಿಗಳು. ಬೆಕ್ಕಿನ ಮೈಯಂಥ ಮೆದು ರೋಮದ ಕೋಳಿ, ಕಣ್ಣು ಮುಚ್ಚುವಷ್ಟು ದೊಡ್ಡ ಗರಿಯ ಟೋಪಿ ಹೊತ್ತ ಕೋಳಿ, ಹುಟ್ಟಿನಿಂದಲೇ ಕುತ್ತಿಗೆಗೆ ಪುಕ್ಕವಿಲ್ಲದ ಕೋಳಿ, ಚರ್ಮ ಎಲುಬು ನಾಲಿಗೆ ಎಲ್ಲವೂ ಕಪ್ಪಗಿರುವ ಕಡಕ್‌ನಾಥ್. ಬರೀ ನೋಡುವುದಕ್ಕೆ. "ಅವ್ವ ಮಹಡಿ ಹತ್ತಂಗಿಲ್ಲ, ಕೋಳಿ ಕೆಳಗ ಇಳಿಯಂಗಿಲ್ಲ, ಅಷ್ಟ ನಮ್ಮ ಒಪ್ಪಂದ," ಎನ್ನುತ್ತಿದ್ದ. ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ಜಡೆಮ್ಮನ ಬುಟ್ಟಿ ಕಂಡು ಅವನು ಅವಳ ಹಿಂದೆ ಅರ್ಧ ಊರು ನಡೆದ.

"ಅಕ್ಕಾ, ಇಂಥಾದ್ದು ಎಲ್ಲಿ ಸಿಕ್ತು ನಿಮಗ?"

"ಅತ್ತಿ ಮನ್ಯಾಗ."

ಮಹಡಿ ತೋರಿಸುವವರೆಗೂ ಅವನು ಬಿಡಲಿಲ್ಲ. ರೋಮದ ಕೋಳಿ ಚೀನಾ ದೇಶದ್ದು, ಕರಿ ಕೋಳಿ ಮಧ್ಯಪ್ರದೇಶದ ಝಾಬುವಾ ಕಡೆಯದು ಎಂದು ಒಂದೊಂದರ ಊರು ಹೇಳಿದ. ಗುಂಗುರು ಕೋಳಿಯ ಊರು ಯಾವುದು ಎಂದು ಜಡೆಮ್ಮ ಕೇಳಿದಳು. ಅದು ಯಾರಿಗೂ ಖಚಿತವಿಲ್ಲ, ನಮ್ಮ ಏಷ್ಯಾದ ಕಡೆಯದೇ ಇರಬೇಕು ಅಂತಾರೆ, ನಾನೂರು ವರ್ಷದ ಹಿಂದೆಯೇ ದೂರ ದೇಶದ ಪುಸ್ತಕಗಳಲ್ಲಿ ಇದರ ಚಿತ್ರ ಬರೆದಿದ್ದಾರೆ, ಹಡಗಿನವರು ಒಯ್ದಿರಬಹುದು ಎಂದ.

"ಅಂದ್ರ ನಮ್ಮ ಕೋಳಿ ಹಡಗ ಹತ್ತಿ ಹೋಗೈತಿ," ಎಂದಳು ಜಡೆಮ್ಮ. "ನಾ ಇನ್ನಾ ಹುಬ್ಬಳ್ಳಿ ನೋಡಿಲ್ಲ."

ಬಳ್ಳಾರಿಯಲ್ಲಿ ನಾಟಿ ಕೋಳಿಗಳ ಪ್ರದರ್ಶನವೊಂದು ನಡೆಯುವುದಿತ್ತು. ಜಡೆಮ್ಮ ಹೋಗಲೇಬೇಕೆಂದು ಶಶಿಕಾಂತ್ ಹಟ ಹಿಡಿದ. ಪ್ರದರ್ಶನದವರದು ಒಂದೇ ಷರತ್ತು: ಒಂದು ಹುಂಜ, ಎರಡು ಹೇಂಟೆ, ಮೂರೂ ಒಂದೇ ಥರ ಇರಬೇಕು. ಹೀಗಾಗಿ ಆ ಸಲ ಜಡೆಮ್ಮ ಒಂದು ಗುಂಗುರು ಹುಂಜವನ್ನು ಯಾರಿಗೂ ಕೊಡದೆ ಉಳಿಸಿಕೊಂಡಳು. ಪಂಜರದಲ್ಲಿ ಮೂರೂ ಕಚ್ಚಾಡಬಾರದೆಂದು, ರೂಢಿಯಾಗಲಿ ಎಂದು, ತಿಂಗಳ ಮುಂಚೆಯೇ ಅದನ್ನು ಎರಡು ಗುಂಗುರು ಹೇಂಟೆಗಳ ಜೊತೆ ಒಂದೇ ಗೂಡಿಗೆ ಹಾಕಿದಳು. ಸಾದಾ ಹುಂಜವನ್ನು ಪಕ್ಕದ ಓಣಿಗೆ ಕೊಟ್ಟಳು.

ಪ್ರದರ್ಶನದಲ್ಲಿ ಮೂರನೆಯ ಬಹುಮಾನ ಬಂತು, ಒಂದು ಗೋಡೆ ಗಡಿಯಾರ. ಮೊದಲ ಬಹುಮಾನ ಬಂದವರಿಗಿಂತ ಹೆಚ್ಚು ಫೋಟೋ ಜಡೆಮ್ಮನ ಪಂಜರದ ಮುಂದೆ ತೆಗೆದರು. ಶಶಿಕಾಂತ್ ಉಬ್ಬಿ ಹೋಗಿ, "ಇನ್ನ ಅಪ್ಪನೂ ಗುಂಗುರು, ಅವ್ವನೂ ಗುಂಗುರು. ಮರಿ ಎಲ್ಲಾ ಗುಂಗುರೇ ಬರ್ತಾವಲ್ಲಕ್ಕಾ," ಎಂದ. ಕೋಳಿ ಸಾಕುವುದನ್ನು ಅವನು ಶುರುಮಾಡಿ ಎರಡು ವರ್ಷವಾಗಿತ್ತು, ಜಡೆಮ್ಮ ಮೂವತ್ತೇಳು ವರ್ಷ. ಆದರೂ ಆ ಮಾತು ಅವಳ ಕಿವಿಯಲ್ಲಿ ಕೂತುಬಿಟ್ಟಿತು.

ಮಾರನೆಯ ದಿನವೇ ಮೂಕಮ್ಮನ ಫೋನು. ಅವರ ಕೋಳಿ ಕಾವಿಗೆ ಕೂತಿತ್ತು, ಗುಂಗುರು ತತ್ತಿ ಬೇಕಿತ್ತು. ಬೀಗತಿ ಕೇಳಿದ್ದನ್ನು ಇಲ್ಲವೆನ್ನುವುದುಂಟೇ? ಜಡೆಮ್ಮ ಆ ಗೂಡಿನ ಹನ್ನೊಂದು ಮೊಟ್ಟೆಗಳನ್ನು ಆರಿಸಿದಳು. ಅತ್ತೆಯ ಕಟ್ಟಳೆ ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು. ಆದರೆ ಅದರ ಪಕ್ಕದಲ್ಲೇ ಹನ್ನೊಂದೂ ಗುಂಗುರು ಮರಿಗಳು ಬೀಗತಿಯ ಅಂಗಳದಲ್ಲಿ ಓಡಾಡುವುದು ಕಣ್ಣಿಗೆ ಕಟ್ಟಿತು. ಮೊಟ್ಟೆಗಳನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟು ಅಳಿಯ ಅಂಜಿನೇಯನ ಕೈಯಲ್ಲಿ ಕಳಿಸಿ, ಫೋನಿನಲ್ಲಿ ಹೇಳಿಯೂಬಿಟ್ಟಳು: "ಬೀಗತಿ, ಈ ಸಲ ಒಂದೂ ಸಾದಾ ಬರಂಗಿಲ್ಲ ನೋಡ್ರಿ. ಹನ್ನೊಂದಕ್ಕ ಹನ್ನೊಂದೂ ಗುಂಗುರು."

ಎರಡು ತಿಂಗಳಾಗುತ್ತ ಬಂದಾಗ ಮತ್ತೆ ಫೋನು, ಈ ಸಲ ವಿಡಿಯೋ ಕಾಲ್. ಪರದೆಯ ತುಂಬ ಮೂಕಮ್ಮನ ಮೂಗು ಕಂಡು, ಆಮೇಲೆ ಹಿಂದೆ ಸರಿದು, ಅವಳ ಅಂಗೈ ಕಾಣಿಸಿತು. ಅಂಗೈಯಲ್ಲಿ ಕೆಂಪಗೆ, ಬೋಳಾಗಿ, ಅಲ್ಲೊಂದು ಇಲ್ಲೊಂದು ಮುರಿದ ಕಡ್ಡಿಯಂಥ ಗರಿ ಹೊತ್ತ ಒಂದು ಜೀವ ಕಣ್ಣು ಪಿಳಿಪಿಳಿ ಬಿಡುತ್ತಿತ್ತು.

"ಏಮ್ರಿ ಬೀಗತಿ, ನೀವು ಕಳ್ಸಿದ್ದು ಕೋಳಿ ತತ್ತಿನೋ, ಹಲ್ಲಿ ತತ್ತಿನೋ?"

ಹತ್ತು ಮರಿ ಒಡೆದಿದ್ದವು. ಎರಡು ಸಾದಾ, ಐದು ಗುಂಗುರು. ಉಳಿದ ಮೂರರ ಗರಿ ಮೂಡುತ್ತಿದ್ದಂತೆ ಮುರಿದು ಉದುರಿ, ಮೈ ಬೋಳಾಗಿತ್ತು.

ಜಡೆಮ್ಮ ಮರುದಿನದ ಮೊದಲ ಬಸ್ಸಿಗೆ ಸಿರುಗುಪ್ಪಕ್ಕೆ ಹೋದಳು. ಕಾಲುವೆಯ ಎರಡೂ ಕಡೆ ಭತ್ತದ ಗದ್ದೆಗಳು ಹಸಿರಾಗಿ ಓಡುತ್ತಿದ್ದವು. ಮೂಕಮ್ಮನ ಅಂಗಳದಲ್ಲಿ ಪಾಲಿಗೆ ಕೋಳಿ ಪಡೆದ ಐದು ಮನೆಯ ಹೆಂಗಸರೂ ಬಂದು ನಿಂತಿದ್ದರು. ಊರಲ್ಲಿ ಕೋಳಿ ಜ್ವರದ ಮಾತು ಆಗಲೇ ಓಡಾಡುತ್ತಿತ್ತು. ದನದ ಡಾಕ್ಟರು ಬಂದು ನೋಡಿ, ಇದು ರೋಗವಲ್ಲ, ಹುಟ್ಟಿನ ಗುಣ ಎಂದು ಹೇಳಿ ಹೋಗಿದ್ದರು. ಯಾರೂ ನಂಬಿರಲಿಲ್ಲ.

"ಡಾಕ್ಟರ್ ಏನ್ರಿ, ನೋಡಿ ಹೋಗ್ತಾರ. ನಮ್ಮ ಕೋಳಿ ಸತ್ರ ನಾವು ಅಳೋದು," ಎಂದಳು ಜಂಬಮ್ಮ, ಐವರಲ್ಲಿ ಹಿರಿಯಳು. "ನಿಮ್ಮ ಹ್ಯಾಟಿ ನೀವು ತಗೊಂಡು ಹೋಗ್ರಿ ಯಕ್ಕಾ. ಇಲ್ಲಾಂದ್ರ ನಾಳೆ ನಾವ ಮಾರಿಬಿಡ್ತೀವಿ."

ಐದು ಮನೆಗಳಲ್ಲಿ ಹನ್ನೆರಡು ಗುಂಗುರು ಹೇಂಟೆಗಳಿದ್ದವು. ಅವೆಲ್ಲ ಒಂದೇ ಗೂಡಿಗೆ ಬಂದರೆ ಮುಂದಿನ ಒಂದು ರೋಗಕ್ಕೆ ಎಲ್ಲವೂ ಮುಗಿಯುತ್ತವೆ. ಮಾರಿದರೆ ಈ ಭಾನುವಾರಕ್ಕೇ ಮುಗಿಯುತ್ತವೆ. ಜಡೆಮ್ಮನ ಬಾಯಿಗೆ ಮೊದಲು ಬಂದದ್ದು ಸುಳ್ಳು.

"ತತ್ತಿ ಚೊಲೋನೇ ಇದ್ವು. ನಿಮ್ಮ ಕೋಳಿ ಕಾವು ಸರಿಯಾಗಿ ಕೊಟ್ಟಿಲ್ಲ ಅನ್ಸತೈತಿ."

"ಅವುನಾ?" ಮೂಕಮ್ಮ ಸೊಂಟದ ಮೇಲೆ ಕೈಯಿಟ್ಟಳು. "ನಮ್ಮ ಕೋಳಿ ಹನ್ನೊಂದು ವರ್ಷದಿಂದ... ಅಲ್ಲ, ಅದರವ್ವ, ಅದರಜ್ಜಿ, ಮೂರು ತಲಿಯಿಂದ ಕಾವು ಕುಂತಾವ. ಒಂದಾರ ಬೋಳು ಹುಟ್ಟಿಸ್ಯಾವೇನು? ನಿಮ್ಮನಿ ತತ್ತಿಗೆ ನಮ್ಮನಿ ಕೋಳಿ ಹೆಸರು ಕೆಡಸ್ತೀರಿ?"

ಬಾಗಿಲಲ್ಲಿ ನಿಂತಿದ್ದ ಮೀನಾ ಅವ್ವನ ಮುಖವನ್ನೂ ಅತ್ತೆಯ ಮುಖವನ್ನೂ ನೋಡಿದಳು. ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಒಳಗೆ ಪಾತ್ರೆ ಇಟ್ಟ ಸದ್ದು ಸ್ವಲ್ಪ ಜೋರಾಗಿಯೇ ಕೇಳಿತು. ಜಡೆಮ್ಮ ಅಂಗಳದ ಕಲ್ಲಿನ ಮೇಲೆ ಕೂತಳು. ಬೋಳು ಮರಿಗಳಲ್ಲೊಂದು ಬಂದು ಅವಳ ಹೆಬ್ಬೆರಳ ಉಗುರನ್ನು ಕಾಳೆಂದು ಕುಕ್ಕಿತು.

"ತಪ್ಪು ನಂದು," ಎಂದಳು.

ಮೂಕಮ್ಮನ ಕೈ ಸೊಂಟದಿಂದ ಕೆಳಗಿಳಿಯಿತು.

"ಗುಂಗುರಿಗೆ ಗುಂಗುರು ಕೂಡಿಸಬ್ಯಾಡ ಅಂತ ನಮ್ಮತ್ತಿ ಹೇಳಿದ್ಲು. ಗೊತ್ತಿದ್ದೂ ಮಾಡೀನಿ. ಎಲ್ಲಾ ಗುಂಗುರು ಕಳ್ಸಿ ನಿಮ್ಮ ಮುಂದ ದೊಡ್ಡಾಕಿ ಆಗಬೇಕು ಅಂತ ಆಸಿ ಬಂತು, ಬೀಗತಿ. ಕಾವಿಂದೇನೂ ತಪ್ಪಿಲ್ಲ. ನಿಮ್ಮ ಕೋಳಿ ಬಂಗಾರದಂಥಾದ್ದು."

ಮೂಕಮ್ಮನ ಮುಖದಲ್ಲಿ ಸಿಟ್ಟು ಇನ್ನೂ ಇತ್ತು. ಆದರೆ ಅದರ ಹಿಂದಿನಿಂದ ಬೇರೇನೋ ಎದ್ದು ಬರುತ್ತಿತ್ತು, ತಡೆದರೂ ನಿಲ್ಲದ ಹಾಗೆ. ಆರು ವರ್ಷದಲ್ಲಿ ಬೀಗತಿ ತಪ್ಪು ಒಪ್ಪಿಕೊಂಡದ್ದು ಇದೇ ಮೊದಲು.

"ಮೀನಾ, ಕೇಳಿದೇನವಾ ನಿಮ್ಮವ್ವ ಏನಂದ್ಲು?" ಎಂದು ಒಳಗೆ ಕೂಗಿದಳು.

"ಕೇಳೀನತ್ತಿ."

"ಇನ್ನೊಂದ್ ಸಲ ಹೇಳ್ರಿ ಬೀಗತಿ, ಈ ಜಂಬಮ್ಮಗ ಒಂದು ಕಿವಿ ಮಂದ ಐತಿ."

ಜಂಬಮ್ಮನ ಎರಡೂ ಕಿವಿ ಚೆನ್ನಾಗಿದ್ದವು. ಆದರೂ ಜಡೆಮ್ಮ ಇನ್ನೊಮ್ಮೆ ಹೇಳಿದಳು.

ಬೀಗತಿಯ ಮನಸ್ಸು ತಿಳಿಯಾಯಿತು, ಐದು ಮನೆಯವರದು ಆಗಲಿಲ್ಲ. ತಪ್ಪೋ ರೋಗವೋ ಅವರಿಗೆ ಹೇಗೆ ಗೊತ್ತಾಗಬೇಕು? ಕೊನೆಗೆ ಮೂಕಮ್ಮನೇ ಒಂದು ದಾರಿ ಮಾಡಿದಳು. ಮೂರೂ ಬೋಳು ಮರಿಗಳನ್ನು ಜಡೆಮ್ಮ ಒಯ್ದು ತನ್ನ ಕೋಳಿಗಳ ಜೊತೆಗೇ ಸಾಕಬೇಕು. ರೋಗವಾಗಿದ್ದರೆ ಮೊದಲು ಅವಳ ಗೂಡಿಗೇ ಹತ್ತುತ್ತದೆ. ಅವು ದೊಡ್ಡವಾಗಿ ಅವಕ್ಕೂ ಮರಿಯಾಗಬೇಕು. ಆ ಮರಿಗಳಿಗೆ ಮೈತುಂಬ ಪುಕ್ಕ ಬಂದರೆ ಹನ್ನೆರಡೂ ಹೇಂಟೆ ಇದ್ದಲ್ಲೇ ಇರುತ್ತವೆ.

"ಬರ್ಲಿಲ್ಲ ಅಂದ್ರ ಐದೂ ಮನಿಯಿಂದ ನಿಮ್ಮ ಕೋಳಿ ವಾಪಸ್. ನಾನೂ ತಡಿಯಂಗಿಲ್ಲ," ಎಂದಳು. ಆಮೇಲೆ ದನಿ ತಗ್ಗಿಸಿ, "ಊಟ ಮಾಡಿ ಹೋಗ್ರಿ. ಮುಖ ನೋಡ್ರಿ ಹೆಂಗ ಆಗೈತಿ," ಎಂದಳು.

ರಟ್ಟಿನ ಡಬ್ಬಿಯಲ್ಲಿ ಮೂರು ಬೋಳು ಮರಿಗಳು ಕುರುಗೋಡಿಗೆ ಬಂದವು. ಮಾರ್ಚ್ ಬಿಸಿಲು ಶುರುವಾಗಿತ್ತು; ಪುಕ್ಕವಿಲ್ಲದ ಮೈ ಎರಡೇ ದಿನಕ್ಕೆ ಕೆಂಪಾಯಿತು. ಜಡೆಮ್ಮ ಬಳ್ಳಾರಿಗೆ ಹೋಗಿ ಜೀನ್ಸ್ ಹೊಲಿಯುವ ಕಡೆಯಿಂದ ಕತ್ತರಿಸಿ ಉಳಿದ ಬಟ್ಟೆಯ ಚೂರುಗಳನ್ನು ಒಂದು ಚೀಲ ತಂದಳು. ಅವುಗಳಲ್ಲಿ ಮೆತ್ತನೆಯವನ್ನು ಆರಿಸಿ, ರೆಕ್ಕೆಗೆ ತೂತು ಬಿಟ್ಟು, ಹೊಟ್ಟೆಯ ಕೆಳಗೆ ಗುಂಡಿ ಹಾಕಿ ಮೂರು ಅಂಗಿ ಹೊಲಿದಳು. ಓಣಿಯ ಮಕ್ಕಳೆಲ್ಲ ಬಂದು ನೋಡಿದರು. ಅಂಗಿ ತೊಟ್ಟ ಮರಿಗಳು ಮೊದಲ ದಿನ ಹಿಂದಕ್ಕೆ ಹಿಂದಕ್ಕೆ ನಡೆದು ಗೋಡೆಗೆ ತಾಗಿ ನಿಂತವು. ಎರಡನೆಯ ದಿನ ಮುಂದಕ್ಕೆ ನಡೆದವು. ಪಕ್ಕೀರಪ್ಪ ತಾನಾಗಿ ಮಾತಾಡುವುದು ಅಪರೂಪ. ಅವನು ನೋಡಿ, "ನಮ್ಮ ಮದಿವ್ಯಾಗ ನನಗ ಇಂಥಾ ಅಂಗಿ ಹೊಲ್ಸಿದ್ದಿಲ್ಲ," ಎಂದ.

ಆಷಾಢದ ಗಾಳಿಗೆ ಎರಡು ಮರಿ ಉಳಿಯಲಿಲ್ಲ. ಅವನ್ನು ಬೇವಿನ ಬುಡದಲ್ಲಿ ಮಣ್ಣು ಮಾಡಿ ಬಂದ ಜಡೆಮ್ಮ ಆ ದಿನ ಅಂಗಿಗಳನ್ನು ಒಗೆದು ಹಗ್ಗಕ್ಕೆ ಹಾಕಿದಳು, ಒಣಗಿದ ಮೇಲೂ ಬಹಳ ಹೊತ್ತು ತೆಗೆಯಲಿಲ್ಲ. ಉಳಿದದ್ದು ಒಂದು ಹುಂಜ. ಮೂರು ಸಲ ಅಂಗಿ ಚಿಕ್ಕದಾಗಿ ಮೂರು ಸಲ ಹೊಸದು ಹೊಲಿದದ್ದಾಯಿತು. ಬೆನ್ನು ಬೋಳು, ಎದೆ ಬೋಳು, ಬಾಲದಲ್ಲಿ ಎರಡು ಮುರುಕು ಕಡ್ಡಿ. ಆದರೆ ಜುಟ್ಟು ಮಾತ್ರ ದಾಸವಾಳದಂತೆ ಕೆಂಪಗೆ. ಗೂಡಿನ ಬೇರೆ ಯಾವ ಕೋಳಿಗೂ ಏನೂ ಆಗಲಿಲ್ಲ. ಅದರ ಮೊದಲ ಕೂಗು ಓಣಿಯ ಉಳಿದ ಹುಂಜಗಳಿಗಿಂತ ದೊಡ್ಡದಾಗಿತ್ತು. ಮೂಕಮ್ಮ ವಾರಕ್ಕೊಮ್ಮೆ ಫೋನು ಮಾಡಿ, "ನಮ್ಮ ಹಲ್ಲಿ ಹೆಂಗೈತಿ?" ಎಂದು ವಿಚಾರಿಸುತ್ತಿದ್ದಳು.

ಈ ಸಲ ಜಡೆಮ್ಮ ಯಾರ ಮಾತನ್ನೂ ಕೇಳಲಿಲ್ಲ. ಗುಂಗುರಿಗೆ ಸಾದಾ ಎಂದ ಮೇಲೆ, ಇಷ್ಟು ವಿಪರೀತ ಗುಂಗುರಾದವನಿಗೆ ಸಾದಾ ಇನ್ನೂ ಹೆಚ್ಚು ಬೇಕು. ಎರಡು ಸಾದಾ ಹೇಂಟೆಗಳನ್ನು ಮಾತ್ರ ಅವನ ಜೊತೆ ಬಿಟ್ಟಳು. ಅವು ವಾರಗಟ್ಟಲೆ ಅವನನ್ನು ಕಂಡರೆ ಓಡುತ್ತಿದ್ದವು. ಅಂಗಿ ಬಿಚ್ಚಿದ ಮೇಲೆ ಓಡುವುದು ನಿಂತಿತು. "ಪಾಪ, ಅಂಗಿ ನೋಡಿ ಸರ್ಕಾರಿ ಮಂದಿ ಅಂದ್ಕೊಂಡಿದ್ವು," ಎಂದಳು ಜಡೆಮ್ಮ.

ಗಣೇಶನ ಹಬ್ಬ ಕಳೆದ ಮೇಲೆ ಒಂಬತ್ತು ಮೊಟ್ಟೆಗಳನ್ನು ಕಾವಿಗಿಟ್ಟಳು. ಇಪ್ಪತ್ತೊಂದನೆಯ ದಿನ ಒಂಬತ್ತೂ ಒಡೆದವು. ಹಳದಿ ಹತ್ತಿಯ ಒಂಬತ್ತು ಉಂಡೆಗಳು. ಅದರಿಂದ ಏನೂ ತಿಳಿಯುವುದಿಲ್ಲ, ಆ ಬೋಳು ಹುಂಜವೂ ಹುಟ್ಟಿದಾಗ ಹೀಗೇ ಇತ್ತು. ಎಂಟನೆಯ ದಿನ ಬೆಳಿಗ್ಗೆ ಜಡೆಮ್ಮ ಬಿಸಿಲಿಗೆ ಕೂತು ಮೊದಲ ಮರಿಯ ರೆಕ್ಕೆ ಬಿಡಿಸಿದಳು. ತುದಿ ಹೊರಗೆ ಬಾಗಿತ್ತು. ಎಡಕ್ಕೆ ಬಿಟ್ಟಳು. ಎರಡನೆಯದೂ ಹಾಗೇ, ಮೂರನೆಯದೂ. ಆರನೆಯದನ್ನು ಎರಡೆರಡು ಸಲ ಬಿಡಿಸಿ ನೋಡಿದಳು. ಒಂಬತ್ತು ಮುಗಿದಾಗ ಬಲಗಡೆ ಒಂದೂ ಇರಲಿಲ್ಲ.

ಅವಳು ಯಾರಿಗೂ ಹೇಳಲಿಲ್ಲ. ಒಮ್ಮೆ ಹೇಳಿ ಕೆಟ್ಟದ್ದು ಸಾಕಾಗಿತ್ತು. ಇನ್ನೂ ಮೂರು ವಾರ ಕಾದಳು. ದಿನವೂ ಗೂಡಿನ ನೆಲವನ್ನು ಗುಡಿಸುವಾಗ ಮುರಿದ ಗರಿಗಾಗಿ ಹುಡುಕಿದಳು. ಒಂದೂ ಸಿಗಲಿಲ್ಲ. ಮರಿಗಳು ಮೈತುಂಬ ಸುರುಳಿ ತುಂಬಿಕೊಂಡವು. ಆಮೇಲೆ ಶಶಿಕಾಂತನಿಗೆ ಫೋನು ಮಾಡಿದಳು. ಅವನು ಓದಿ, ಕೇಳಿ, ಸಂಜೆ ತಿರುಗಿ ಫೋನು ಮಾಡಿ ಅರ್ಧ ಗಂಟೆ ವಿವರಿಸಿದ. ಅವಳು ಅದನ್ನು ತನಗೆ ಬೇಕಾದ ಹಾಗೆ ಮಾಡಿಕೊಂಡಳು.

ಮೂಕಮ್ಮ ಮುಂದಿನ ಸೋಮವಾರ ಬಂದಳು, ಸಾಕ್ಷಿಗೆ ಜಂಬಮ್ಮನನ್ನೂ ಕರೆದುಕೊಂಡು. ಚೀಲ ಕೆಳಗಿಡುವ ಮೊದಲೇ, "ಎಲ್ಲಿ, ತೋರಸ್ರಿ," ಎಂದಳು. ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಒಂಬತ್ತು ಮರಿಗಳನ್ನೂ ಒಂದೊಂದಾಗಿ ಹಿಡಿದು, ರೆಕ್ಕೆ ಎತ್ತಿ, ಕಂಕುಳು ಊದಿ, ಹೊಟ್ಟೆಯ ಪುಕ್ಕ ಸರಿಸಿ ನೋಡಿದಳು. ಜಂಬಮ್ಮ ಪುಕ್ಕ ಹಿಡಿದು ಎಳೆದೂ ನೋಡಿದಳು. ಮರಿ ಕೂಗಿತು, ಪುಕ್ಕ ಬರಲಿಲ್ಲ. ಮೂಲೆಯಲ್ಲಿ ಬೋಳು ಹುಂಜ ಒಂದು ಕ್ಷಣವೂ ಕಣ್ಣು ಕೀಳದೆ ಇವರನ್ನೇ ನೋಡುತ್ತಿತ್ತು.

"ಒಂದೂ ಸಾದಾ ಇಲ್ಲಲ್ಲ!" ಎಂದಳು ಮೂಕಮ್ಮ. "ಇದು ಹೆಂಗ್ರಿ?"

ಜಡೆಮ್ಮ ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತು ಎರಡು ಬೆರಳ ನಡುವೆ ಹೊಸೆದಳು. "ನೋಡ್ರಿ, ಪ್ರತಿ ಮರಿಗೆ ಅಪ್ಪಂದೊಂದು ಎಳಿ, ಅವ್ವಂದೊಂದು ಎಳಿ. ಒಂದು ಹುರಿ ಆಗಿದ್ದು, ಒಂದು ನೆಟ್ಟಗಿದ್ರ, ಗುಂಗುರು ಬರತೈತಿ. ಎರಡೂ ಹುರಿ ಆದ್ವು ಅನ್ರಿ, ಹುರಿ ಹೆಚ್ಚಾಗಿ..." ಎಳೆ ಪಟ್ಟೆಂದು ತುಂಡಾಯಿತು. "ಪುಕ್ಕ ನಿಂದ್ರಂಗಿಲ್ಲ. ಈ ಬೋಳನ ಹತ್ರ ಇರೋವು ಎರಡೂ ಹುರಿ ಎಳಿನೇ. ಯಾವ ಮರಿಗೆ ಕೊಟ್ರೂ ಹುರಿದ್ದೇ ಕೊಡ್ಬೇಕು. ಅವ್ವ ಸಾದಾ ಇದ್ರ ಮರಿ ಎಲ್ಲಾ ಗುಂಗುರು. ಮೂವತ್ತೇಳು ವರ್ಷದಾಗ ನಾನೂ ಇಂಥಾದ್ದು ನೋಡಿಲ್ಲ."

"ತನ್ನ ಮೈಮ್ಯಾಲ ಒಂದೂ ಇಲ್ಲ, ಮಕ್ಳಿಗೆಲ್ಲಾ ಕೊಟ್ಟಾನ," ಎಂದಳು ಜಂಬಮ್ಮ.

ಮೂಕಮ್ಮ ರವಿಕೆಯೊಳಗಿನಿಂದ ಫೋನು ತೆಗೆದು ಸಿರುಗುಪ್ಪಕ್ಕೆ, ಪಾಲಿಗೆ ಪಡೆದ ಐವರಲ್ಲಿ ಇನ್ನೊಬ್ಬಳಿಗೆ ಹಚ್ಚಿದಳು. "ಹಲೋ, ಸುಧಾರಾಣಿ? ಕೋಳಿ ಮಾರಬ್ಯಾಡ. ಹೂಂ, ನಾ ಕಣ್ಣಿಲೆ ನೋಡೀನಿ. ರೋಗ ಇಲ್ಲ, ಏನಿಲ್ಲ. ಬಾಕಿ ಮೂರು ಮನಿಗೂ ಹೇಳು, ಹ್ಯಾಟಿ ಇದ್ದಲ್ಲೇ ಇರ್ಲಿ ಅಂತ. ತಪ್ಪು ನಮ್ಮ ಬೀಗತೀದು, ಆಕಿನ ಒಪ್ಪಿಕೊಂಡಾಳ, ನೀನೂ ಕೇಳೀಯಲ್ಲ." ಕೊನೆಯ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು.

ಜಡೆಮ್ಮ ಕೇಳಿಯೂ ಕೇಳದವಳ ಹಾಗೆ ಮರಿಗಳಿಗೆ ನುಚ್ಚು ಎರಚಿದಳು. ಎರಡು ಮುಷ್ಟಿ ಹಾಕುವ ಕಡೆ ನಾಲ್ಕು ಮುಷ್ಟಿ ಬಿತ್ತು.

ಫೋನು ಒಳಗಿಟ್ಟ ಮೂಕಮ್ಮ ಹುಂಜದ ಕಡೆ ತಿರುಗಿದಳು. "ಬೀಗತಿ, ಇವನ್ನ ನನಗ ಪಾಲಿಗೆ ಕೊಡ್ತೀರೇನು?"

"ಹುಂಜ ಪಾಲಿಗಾ? ಯಾರಾರ ಹುಂಜ ಪಾಲಿಗೆ ಕೊಡ್ತಾರೇನ್ರಿ? ತತ್ತಿ ಇಡಂಗಿಲ್ಲ, ಮರಿ ಹಾಕಂಗಿಲ್ಲ, ಅರ್ಧ ಹೆಂಗ ಮಾಡ್ತೀರಿ?"

"ನಮ್ಮ ಸಾದಾ ಹ್ಯಾಟಿ ಅದಾವ. ಅವುಕ್ಕ ಹುಟ್ಟೋ ಗುಂಗುರಿನ್ಯಾಗ ಅರ್ಧ ನಿಮ್ದು."

"ಹುಟ್ಟೋವೆಲ್ಲಾ ಗುಂಗುರೇ ಅಂತ ಈಗ ತಾನ ಹೇಳೀನಿ."

"ಹಂಗಾದ್ರ ಎಲ್ಲಾದರಾಗ ಅರ್ಧ."

"ನಮ್ಮ ಹುಂಜ, ನಮ್ಮ ಎಳಿ. ಮೂರರಾಗ ಎರಡು ಪಾಲು ನಂದು."

"ನನ್ನ ಕೈಯಾಗ ಹುಟ್ಟಿದ ಹುಂಜರಿ ಅದು, ಮರ್ತ್ರೇನು? ನಮ್ಮ ಕೋಳಿ ಕಾವು ಕೊಟ್ಟದ್ದು!"

ಪಕ್ಕೀರಪ್ಪ ಮೂರು ಲೋಟ ಚಹಾ ತಂದು ಇಬ್ಬರ ನಡುವೆ ಇಟ್ಟು, ತಿರುಗಿ ಒಳಗೆ ಹೋದ. ಜಂಬಮ್ಮ ಬುಟ್ಟಿಯ ಮೇಲೆ ಕೂತು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದಳು. ಚಹಾ ಆರುವ ಹೊತ್ತಿಗೆ ಮೊದಲ ವರ್ಷಕ್ಕೆ ಅರ್ಧರ್ಧ ಎಂದು ಆಗಿತ್ತು. ಎರಡನೆಯ ವರ್ಷದ ಮಾತು ಇನ್ನೂ ನಡೆಯುತ್ತಿತ್ತು.